ಹೆಬ್ಬೆರಳು ಮತ್ತು ಬಾಳೆನಾರು

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕದಲ್ಲಿ ಚರ್ಮದ ಒಂದು ಸಣ್ಣ ಅಂಚು ಯಾವಾಗಲೂ ಎದ್ದುಕೊಂಡಿರುತ್ತಿತ್ತು. ಅದು ತಾನಾಗಿ ಏಳುತ್ತಿರಲಿಲ್ಲ, ನಾನೇ ಎಬ್ಬಿಸುತ್ತಿದ್ದೆ. ತೋರುಬೆರಳಿನ ಉಗುರಿನಿಂದ ಅದನ್ನು ಹುಡುಕಿ, ಮೆಲ್ಲಗೆ ಎತ್ತಿ ಎಳೆದರೆ ಎಳೆಯಾಗಿ ಬರುತ್ತದೆ. ಬರುವಷ್ಟು ಹೊತ್ತು ತಲೆಯೊಳಗಿನ ಗಲಾಟೆ ನಿಲ್ಲುತ್ತದೆ. ಆಮೇಲೆ ಉರಿ, ಒಂದು ಹನಿ ರಕ್ತ. ಆರು ವರ್ಷ ಪ್ರಾಯದಿಂದ ನಲವತ್ತೊಂದರವರೆಗೆ ನಾನು ಇದನ್ನು ಮಾಡಿದ್ದೇನೆ.

ಬೇರೆ ಕೆಲಸದವನಾಗಿದ್ದರೆ ಇದು ಒಂದು ಕೆಟ್ಟ ಚಾಳಿ ಎಂಬಲ್ಲಿಗೆ ಮುಗಿಯುತ್ತಿತ್ತು. ನಾನು ವರ್ಕಾಡಿ ಕಡೆಯ ಒಂದು ಸಣ್ಣ ದೇವಸ್ಥಾನದಲ್ಲಿ ಪೂಜೆ ಮಾಡುವವನು. ರಕ್ತ ಒಸರುವ ಗಾಯ ಇದ್ದವನು ಗರ್ಭಗುಡಿಗೆ ಹೋಗಬಾರದು. ಒಳಗೆ ಒಂದು ಹನಿ ಬಿದ್ದರೂ ಪೂಜೆ ನಿಲ್ಲಿಸಬೇಕು, ದೇವಸ್ಥಾನದ ವಿಧಿಗಳಿಗೆ ಹಿರಿಯರಾದ ತಂತ್ರಿಗಳಿಗೆ ತಿಳಿಸಬೇಕು, ಅವರು ಬಂದು ಶುದ್ಧಿಕಲಶ ಮಾಡಬೇಕು. ನನಗೆ ನಿಯಮಗಳೆಂದರೆ ಇಷ್ಟ. ಈ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಅಕ್ಷರಶಃ ಪಾಲಿಸಿದ್ದೇನೆ. ಈ ಒಂದಕ್ಕೆ ಮಾತ್ರ ನನ್ನದೇ ಉಪಾಯವಿತ್ತು. ಗಾಯಕ್ಕೆ ದಪ್ಪಗೆ ಗಂಧ ಮೆತ್ತಿ, ಒಣಗಿದ ಮೇಲೆ ಒಳಗೆ ಹೋಗುತ್ತಿದ್ದೆ.

ಬಾಲ್ಯದಲ್ಲಿ ಅಪ್ಪ ಬೆರಳಿಗೆ ಬೇವಿನ ರಸ ಹಚ್ಚಿದರು. ನಾನು ಬೆರಳು ಕಚ್ಚುವವನಲ್ಲ, ಕೀಳುವವನು. ಬೇವು ಯಾವ ಪ್ರಯೋಜನಕ್ಕೂ ಬರಲಿಲ್ಲ. ಅಮ್ಮ ಹಳೆ ಸೀರೆಯ ಚಿಂದಿ ಸುತ್ತಿದರು. ಚಿಂದಿಯ ನೂಲನ್ನೆಲ್ಲ ಒಂದೊಂದಾಗಿ ಕಿತ್ತು ಮುಗಿಸಿ ಆಮೇಲೆ ಬೆರಳಿಗೆ ಬಂದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಪ್ಪ ಕೈಬಿಟ್ಟರು. ಚಿಂದಿ ಇರುವಷ್ಟು ಹೊತ್ತು ಬೆರಳು ಕ್ಷೇಮವಾಗಿತ್ತು ಎಂಬುದನ್ನು ಅವರಾಗಲಿ ನಾನಾಗಲಿ ಗಮನಿಸಲಿಲ್ಲ.

ಪೂಜೆಯ ಕೆಲಸ ನನಗೆ ಒಗ್ಗಿತು. ಯಾವುದರ ನಂತರ ಯಾವುದು ಎಂಬುದು ಮೊದಲೇ ನಿಗದಿಯಾಗಿದೆ. ಗರ್ಭಗುಡಿಯಲ್ಲಿ ನಿಂತವನ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣು ಹಿಂದಿರುವ ವಿಗ್ರಹದ ಮೇಲೆ. ಕಷ್ಟವಾಗುವುದು ಹೊರಗೆ ಬಂದಾಗ. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ, ಮೈಕು ಕಿರುಚುತ್ತದೆ, ಯಾರೋ ಹೆಗಲ ಮೇಲೆ ಕೈ ಇಡುತ್ತಾರೆ. ಆಗ ಬೆರಳು ಬೆರಳನ್ನು ಹುಡುಕುತ್ತದೆ. ಅದರ ಮೇಲೆ, ಅರ್ಚಕನ ಕೈ ದಿನವಿಡೀ ಒದ್ದೆ. ನೀರಿನಲ್ಲಿ ನೆನೆದ ಚರ್ಮ ಬಿಳುಚಿ ಉಬ್ಬಿ, ಅಂಚುಗಳು ಬಾ ಎಂದು ಕರೆಯುವ ಹಾಗೆ ಎದ್ದು ನಿಲ್ಲುತ್ತವೆ.

ನನ್ನ ಹೆಂಡತಿ ಕನ್ನಡ ಮಾಧ್ಯಮದ ಎಲ್.ಪಿ. ಶಾಲೆಯಲ್ಲಿ ಸಣ್ಣ ತರಗತಿಗಳ ಟೀಚರು. ಮೂರು ವರ್ಷದ ಹಿಂದೆ ಒಂದು ಶನಿವಾರ ಟೀಚರುಗಳ ಕ್ಲಸ್ಟರ್ ಮೀಟಿಂಗಿನಿಂದ ಬಂದವಳು, ವಿಶೇಷ ಗಮನ ಬೇಕಾದ ಮಕ್ಕಳ ಬಗ್ಗೆ ಕೊಟ್ಟ ಒಂದು ಹಾಳೆಯನ್ನು ಹಿಡಿದುಕೊಂಡು ನನ್ನನ್ನೇ ನೋಡಿದಳು. ಅದರಲ್ಲಿ ಬರೆದದ್ದು ಇಷ್ಟು: ಒಂದೇ ಊಟ, ಒಂದೇ ದಾರಿ, ಶಬ್ದಕ್ಕೆ ಸಿಟ್ಟು, ಮಾತನ್ನು ಹೇಳಿದ ಹಾಗೆಯೇ ತಗೊಳ್ಳುವುದು, ಕೈಯ ಚಾಳಿ.

“ಇದು ಮಕ್ಕಳ ಹಾಳೆ. ನಿಮಗೆ ಎಲ್ಲ ಸರಿ ಆಗ್ತದಲ್ಲ ಮಾರಾಯ್ರೆ,” ಎಂದಳು.

ಅದೇ ವರ್ಷ ಬೆರಳು ಉಗುರುಸುತ್ತು ಆಗಿ ಬಾತುಕೊಂಡಿತು. ಮಂಗಳೂರಿಗೆ ಹೋದೆವು. ಚರ್ಮದ ಡಾಕ್ಟರು ಮುಲಾಮು ಕೊಟ್ಟು, ಹೆಂಡತಿ ಹೇಳಿದ್ದನ್ನು ಕೇಳಿ, ಮೇಲಿನ ಮಹಡಿಯ ಮನೋವೈದ್ಯರಲ್ಲಿಗೆ ಕಳಿಸಿದರು. ಅಲ್ಲಿ ಮೂರು ಸಲ ಹೋಗಿ ಬಂದ ಮೇಲೆ ನನಗೆ ಆಟಿಸಂ ಉಂಟು ಎಂದು ತೀರ್ಮಾನವಾಯಿತು. ನನಗೆ ಬೇಸರವಾಗಲಿಲ್ಲ. ಕಳೆದುಹೋದ ಚೀಟಿಯೊಂದು ಪುಸ್ತಕದ ನಡುವೆ ಸಿಕ್ಕಿದಂತಾಯಿತು. ಆ ಡಾಕ್ಟರು ಪ್ರಾಯವಾದ ಹೆಂಗಸು, ನನ್ನ ಕೈಯನ್ನು ಮುಟ್ಟದೆ ದೂರದಿಂದಲೇ ನೋಡಿದರು.

“ಕೈಯನ್ನು ಸುಮ್ಮನೆ ಕೂರಿಸ್ಲಿಕ್ಕೆ ಹೋಗ್ಬೇಡಿ, ಅದು ಆಗುವ ಮಾತಲ್ಲ. ಅದಕ್ಕೆ ಬೇರೆ ಎಂತಾದ್ರೂ ಕೊಡಿ. ಆದ್ರೆ ಅದು ಕೇಳುವುದು ಎಂತ ಅಂತ ಮೊದಲು ನೋಡಿ. ಒತ್ತಬೇಕಾ, ತಿರುಗಿಸಬೇಕಾ, ಕೀಳಬೇಕಾ?”

ಮೂವತ್ತು ವರ್ಷಕ್ಕೂ ಮೇಲೆ ಮಾಡಿದ ಕೆಲಸದಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ, ನಿಲ್ಲಿಸು ಎಂದು ಮಾತ್ರ ಹೇಳಿದ್ದರು.

ಹೆಂಡತಿ ಹುರುಪಿನಿಂದ ತೊಡಗಿದಳು. ಮೊದಲು ಒಂದು ರಬ್ಬರ್ ಚೆಂಡು ಬಂತು. ಒತ್ತಿದೆ, ಚೆಂಡು ಒತ್ತಿಕೊಂಡಿತು, ನನಗೇನೂ ಆಗಲಿಲ್ಲ. ಆಮೇಲೆ ಬೆರಳಿಗೆ ಹಾಕಿ ತಿರುಗಿಸುವ ಉಂಗುರ. ಅದು ನನ್ನ ತಲೆಯನ್ನೂ ತಿರುಗಿಸಿತು. ಅಂಗೈಗೆ ಅಂಟು ಹಚ್ಚಿ, ಒಣಗಿಸಿ, ಪೊರೆಯ ಹಾಗೆ ಕಿತ್ತು ತೆಗೆಯುವುದು ಅವಳ ಶಾಲೆಯ ಮಕ್ಕಳ ಆಟ. ಅದು ನಿಜಕ್ಕೂ ಹಿಡಿಸಿತು. ಆದರೆ ಅಂಟು ಹಚ್ಚಿದ ಕೈಯಲ್ಲಿ ನೈವೇದ್ಯ ಮಾಡುವುದು ಹೇಗೆ? ಮಡಿಯೊಳಗೆ ನಡೆಯುವ ವಸ್ತು ಬೇಕಿತ್ತು.

ಹಾಗೆ ಯೋಚಿಸಿ ನಾನೇ ಒಂದು ಉಪಾಯ ಹುಡುಕಿದೆ: ದರ್ಭೆ. ಅದರಷ್ಟು ಶುದ್ಧವಾದದ್ದು ಬೇರೆ ಇಲ್ಲ, ಎಷ್ಟು ಬೇಕಾದರೂ ಸೀಳಬಹುದು. ದೇವಸ್ಥಾನದಲ್ಲಿ ಕೂತು ಒಂದು ಹಿಡಿ ದರ್ಭೆಯನ್ನು ಉತ್ಸಾಹದಿಂದ ಸೀಳಿದೆ. ದರ್ಭೆಯ ಅಂಚು ಬ್ಲೇಡಿನಂತೆ ಎಂಬುದು ಉಪನಯನವಾದ ಹುಡುಗರಿಗೂ ಗೊತ್ತು. ಹೆಬ್ಬೆರಳೊಂದರಲ್ಲೇ ಇದ್ದ ಗಾಯ ನಾಲ್ಕು ಬೆರಳಿಗೆ ಹಬ್ಬಿತು. ಹೆಂಡತಿ ಅದನ್ನು ನೋಡಿ ನಕ್ಕಳು, ಆಮೇಲೆ ಸಿಟ್ಟಾದಳು. ನಾನು ಬದಲಿ ಹುಡುಕುವುದನ್ನು ಬಿಟ್ಟು ಮತ್ತೆ ಗಂಧ ಮೆತ್ತಿಕೊಳ್ಳಲು ಶುರು ಮಾಡಿದೆ.

ನಮ್ಮ ದೇವಸ್ಥಾನಕ್ಕೆ ಹೂ ಕಟ್ಟಿಕೊಡುತ್ತಿದ್ದವರು ಒಬ್ಬ ಹೆಂಗಸು. ಪ್ರಾಯ ಐವತ್ತೆರಡು. ಮೊದಲು ಬೀಡಿ ಕಟ್ಟುತ್ತಿದ್ದರು, ಬೀಡಿಯ ಕೆಲಸ ಕಡಿಮೆಯಾದ ಮೇಲೆ ಹೂವಿಗೆ ಬಂದರು. ಹದಿಮೂರು ವರ್ಷದಿಂದ ಬೆಳಗ್ಗೆ ಆರೂವರೆಗೆ ಬಂದು, ಹೊರ ಜಗಲಿಯಲ್ಲಿ ಕೂತು ನಂದಿಬಟ್ಟಲು, ತುಳಸಿ, ಕೆಂಪು ಕೇಪುಳ ಹೂವಿನ ಮಾಲೆಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಬಾಗಿಲ ಮೆಟ್ಟಿಲಲ್ಲಿ ಎಲೆಯ ಮೇಲೆ ಇಟ್ಟು ಹೋಗುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ನಡುವೆ ದಿನಕ್ಕೆ ಹತ್ತು ಮಾತು ಇದ್ದರೆ ಹೆಚ್ಚು. ನನಗೆ ಅದು ಹಿತವಾಗಿತ್ತು.

ಕಳೆದ ವರ್ಷ ಒಂದು ಸಂಕ್ರಮಣದ ದಿನ ಮಧ್ಯಾಹ್ನದ ಪೂಜೆಗೆ ಜನ ಸೇರಿದ್ದರು. ಮೈಕು ಕೈಕೊಟ್ಟು ಕಿರುಚುತ್ತಿತ್ತು. ನಾನು ಪ್ರಸಾದ ಕೊಡುತ್ತಾ ಹೋದೆ, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹೂ ಹಿಡಿದು ಮೇಲಿಂದ ಅಂಗೈಗೆ ಬಿಡುವುದು. ಗಂಧದ ಹೊದಿಕೆ ಯಾವಾಗ ಒಡೆಯಿತೋ ಗೊತ್ತಾಗಲಿಲ್ಲ. ಒಬ್ಬರು ಅಂಗೈಯನ್ನು ಮೊಕ್ತೇಸರರ ಮುಂದೆ ಹಿಡಿದರು. ಬಿಳಿ ನಂದಿಬಟ್ಟಲಿನ ಎಸಳಿನ ಮೇಲೆ ಕೆಂಪು ಕಲೆ, ಇನ್ನೂ ಒದ್ದೆಯಾಗಿತ್ತು.

ಮೊಕ್ತೇಸರರು ದೇವಸ್ಥಾನದ ಆಡಳಿತ ನೋಡುವವರು, ಗಲ್ಫಿನಲ್ಲಿ ದುಡಿದು ಬಂದು ಊರಿಗೆ ಬಹಳ ಮಾಡಿದವರು. ಕೆಟ್ಟ ಮನುಷ್ಯ ಅಲ್ಲ. ಅವರು ಹೂವನ್ನು ಮೂಸಿದರು, ಬೆಳಕಿಗೆ ಹಿಡಿದರು. ಕುಂಕುಮ ಇರಬಹುದು ಎಂದರು ಒಬ್ಬರು. ಕುಂಕುಮ ಅಲ್ಲ, ರಕ್ತ ಎಂದರು ಇನ್ನೊಬ್ಬರು. ಹೂ ಯಾರ ಕೈಯಿಂದ ಬರುವುದು? ಅಕ್ಕನ ಕೈಯಿಂದ. ಅಕ್ಕ ಹೆಂಗಸು. ಅಲ್ಲಿಗೆ ಲೆಕ್ಕ ಮುಗಿಯಿತು. ಮುಟ್ಟಾದವರು ಹೂ ಮುಟ್ಟಿದ್ದನ್ನು ದೇವರೇ ತೋರಿಸಿಕೊಟ್ಟದ್ದು ಎಂದು ಒಬ್ಬ ಹಿರಿಯರು ಕೈ ಮುಗಿದರು. ದೇವರು ಅಷ್ಟು ಸುತ್ತು ಬಳಸಬೇಕಾದ್ದಿರಲಿಲ್ಲ, ನನ್ನ ಹೆಬ್ಬೆರಳು ನಾಲ್ಕು ಮಾರು ದೂರದಲ್ಲಿತ್ತು.

ಹಬ್ಬದ ದಿನವಾದ್ದರಿಂದ ಅಕ್ಕ ಅಲ್ಲೇ ಇದ್ದರು. ಅವರನ್ನು ಅಂಗಳದ ನಡುವೆ ನಿಲ್ಲಿಸಿ ಕೇಳಿದರು. ಅವರು ಮೊದಲು ಅರ್ಥವಾಗದೆ ನಿಂತರು. ಅರ್ಥವಾದ ಮೇಲೆ ಸೆರಗನ್ನು ಭುಜದ ಸುತ್ತ ಎಳೆದುಕೊಂಡು ನೆಲ ನೋಡುತ್ತಾ ಹೇಳಿದರು:

“ನನಗೆ ಅದು ನಿಂತು ನಾಲ್ಕು ವರ್ಷ ಆಯ್ತು.”

ಅರುವತ್ತು ಎಪ್ಪತ್ತು ಜನ, ಅರ್ಧಕ್ಕಿಂತ ಹೆಚ್ಚು ಗಂಡಸರು. ಒಂದು ಕ್ಷಣ ಎಲ್ಲರೂ ಬೇರೆ ಕಡೆ ನೋಡಿದರು. ಅಲ್ಲಿಗಾದರೂ ಮುಗಿಯಬೇಕಿತ್ತು. ಆಗ ಹಿಂದಿನಿಂದ ಯಾರೋ, “ಹಾಗಾದ್ರೆ ಸೊಸೆ ಮುಟ್ಟಿರ್ಬಹುದು. ಮನೆಯಲ್ಲಿ ಉಂಟಲ್ಲ,” ಎಂದರು. ಮಾತು ಮತ್ತೆ ಶುರುವಾಯಿತು. ಕೊನೆಗೆ, ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಡುವವರೆಗೆ ಅಕ್ಕ ಬರುವುದು ಬೇಡ ಎಂದು ತೀರ್ಮಾನಿಸಿದರು. ಅವರು ಅರ್ಧ ಗಂಟೆ ಬಿಸಿಲಿನಲ್ಲಿ ನಿಂತಿದ್ದರು.

ನಾನು ಆಗ ಬಾಗಿಲ ಒಳಗೆ, ಹೆಬ್ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಹಲವರು ಒಟ್ಟಿಗೆ ಮಾತಾಡುವಾಗ ನನ್ನ ಮಾತನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯುವುದಿಲ್ಲ. ಇದು ನಿಜ, ಡಾಕ್ಟರೂ ಬರೆದಿದ್ದಾರೆ. ಅದು ಕಾರಣವೂ ಹೌದು, ನೆಪವೂ ಹೌದು. ಬಾಯಿ ತೆರೆದರೆ ನನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಆ ಹೆದರಿಕೆಗೆ ಯಾವ ಡಾಕ್ಟರೂ ಬೇಡ. ನಾನು ಆ ದಿನ ನಾಚಿಕೆಗೇಡಿಯಾಗಿ ನಡೆದುಕೊಂಡೆ.

ಮೂರು ದಿನ ಹಾಗೆಯೇ ಪೂಜೆ ಮಾಡಿದೆ. ಉಪ್ಪಳದ ಅಂಗಡಿಯಿಂದ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ ಮಾಲೆ ಬರತೊಡಗಿತು. ನನ್ನ ಎರಡು ಹೆಬ್ಬೆರಳೂ ಹಸಿ ಮಾಂಸ ಕಾಣುವಷ್ಟು ಕಿತ್ತುಹೋದವು. ಮೂರನೆಯ ದಿನ ಊಟಕ್ಕೆ ಕೂತಾಗ ಸಾರಿನ ಉಪ್ಪು ತಾಗಿ ಕೈ ಹಿಂದೆ ಎಳೆದೆ. ಹೆಂಡತಿ ಕೈ ನೋಡಿದಳು, ನಾನು ಎಲ್ಲವನ್ನೂ ಹೇಳಿದೆ. ಅವಳು ಅನ್ನದ ಪಾತ್ರೆಯನ್ನು ಕೆಳಗಿಟ್ಟಳು.

“ಹೋಗಿ ಹೇಳಿ.”

“ಮೊಕ್ತೇಸರರ ಹತ್ತಿರವಾ?”

“ಮೊದಲು ಅವರ ಹತ್ತಿರ, ಆ ಅಕ್ಕನ ಹತ್ತಿರ. ಆಮೇಲೆ ಉಳಿದವರು.”

ಅಕ್ಕನ ಮನೆ ಗುಡ್ಡದ ಬುಡದಲ್ಲಿ. ನಾನು ಹೋದಾಗ ಅವರು ಜಗಲಿಯಲ್ಲಿ ಕೂತು ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಸಿ ನಾರು ತೆಗೆಯುತ್ತಿದ್ದರು. ಕಟ್ಟಲು ಮಾಲೆ ಇರಲಿಲ್ಲ. ಸೊಸೆ ಒಳಗಿದ್ದಳು, ಹೊರಗೆ ಬರಲಿಲ್ಲ. ಆ ದಿನದ ಮೇಲೆ ಅವಳು ಬಸ್ಸಿಗೆ ಹೋಗುವಾಗಲೂ ದೇವಸ್ಥಾನದ ದಾರಿ ಬಿಟ್ಟು ತೋಟದ ಬದಿಯಿಂದ ಹೋಗುತ್ತಿದ್ದಾಳೆ ಎಂದು ಆಮೇಲೆ ತಿಳಿಯಿತು. ನಾನು ಕೂರದೆ, ಕೈ ಮುಂದೆ ಚಾಚಿ, “ಅಕ್ಕ, ಅದು ನನ್ನ ರಕ್ತ,” ಎಂದೆ.

“ಗೊತ್ತುಂಟು ಭಟ್ರೇ,” ಎಂದರು. “ಹದಿಮೂರು ವರ್ಷದಿಂದ ನಿಮ್ಮ ಬೆರಳು ನೋಡುವುದು ನಾನು.”

“ಮತ್ತೆ ಅಂದು ಯಾಕೆ ಹೇಳಲಿಲ್ಲ?”

“ನಾನು ಹೇಳಿದ್ರೆ ಯಾರು ನಂಬುದು? ತಪ್ಪಿಸಿಕೊಳ್ಳಲಿಕ್ಕೆ ಭಟ್ರ ಮೇಲೆ ಹಾಕಿದಳು ಅಂತ ಇನ್ನೊಂದು ಆಗ್ತಿತ್ತು. ಹೇಳಬೇಕಾದವರು ಬಾಗಿಲಲ್ಲೇ ಇದ್ರಲ್ಲ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಮೆಟ್ಟಿಲಲ್ಲಿ ಕೂತೆ. ಹೆಬ್ಬೆರಳಿಗೆ ಉಗುರು ಹಾಕಿದೆ. ಅಕ್ಕ ಒಂದು ಬಾಳೆಪಟ್ಟೆಯನ್ನು ನನ್ನ ಮುಂದೆ ಹಾಕಿದರು.

“ಅದನ್ನು ಬಿಡಿ. ಇದನ್ನು ಎಳೆಯಿರಿ.”

ನೆನೆದ ಬಾಳೆಪಟ್ಟೆಯ ಅಂಚನ್ನು ಉಗುರಿನಿಂದ ಹುಡುಕಬೇಕು. ಸಿಕ್ಕಿದ ಅಂಚನ್ನು ಸ್ವಲ್ಪ ಎತ್ತಬೇಕು. ಎತ್ತಿ ಎಳೆದರೆ ಸಣ್ಣ ಸದ್ದು ಮಾಡುತ್ತಾ, ತುಂಡಾಗದೆ, ಒಂದು ಮೊಳ ಉದ್ದದ ಎಳೆ ಬಿಟ್ಟು ಬರುತ್ತದೆ. ಆಮೇಲೆ ಇನ್ನೊಂದು ಅಂಚು. ಡಾಕ್ಟರು ಕೇಳಿದ ಪ್ರಶ್ನೆಗೆ ನನಗೆ ಆಗ ಉತ್ತರ ಸಿಕ್ಕಿತು. ನನ್ನ ಕೈ ಕೇಳುತ್ತಿದ್ದದ್ದು ಹುಡುಕುವುದನ್ನು, ಎತ್ತುವುದನ್ನು, ಎಳೆಯುವುದನ್ನು, ಇದೇ ಕ್ರಮದಲ್ಲಿ. ಒತ್ತುವ ಚೆಂಡಿನಲ್ಲಿ ಇದು ಯಾವುದೂ ಇರಲಿಲ್ಲ. ನೋವು ಕೂಡ ಅದಕ್ಕೆ ಬೇಕಾಗಿರಲಿಲ್ಲ, ನೋವು ಜೊತೆಗೆ ಬರುತ್ತಿತ್ತು ಅಷ್ಟೆ. ಒಂದು ಗಂಟೆ ಕೂತು ಮೂರು ಪಟ್ಟೆ ಮುಗಿಸಿದೆ. ತಪ್ಪು ಒಪ್ಪಿಕೊಳ್ಳಲು ಹೋದವನು ಅವರಿಂದಲೇ ಉಪಕಾರ ಪಡೆದು ಬಂದೆ. ಇದನ್ನು ಈಗಲೂ ನೆನೆದರೆ ಮುಖ ಬಿಸಿಯಾಗುತ್ತದೆ.

ಮರುದಿನ ಬೆಳಗ್ಗೆ ಮೊಕ್ತೇಸರರನ್ನು ಆಫೀಸು ಕೋಣೆಯಲ್ಲಿ ಕಂಡು, ಬೆರಳು ತೋರಿಸಿ, ಹೇಳಿದೆ. ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಅವರು ಕುರ್ಚಿಯಿಂದ ಎದ್ದರು.

“ಛೆ ಛೆ, ನಿಮ್ಮದಾ ಭಟ್ರೇ? ಹಾಗಾದ್ರೆ ಅದು ಗಾಯ ಅಲ್ವಾ? ಗಾಯ ಯಾರಿಗೂ ಆಗ್ತದೆ ಮಾರಾಯ್ರೆ. ಮೊದಲೇ ಹೇಳುದಲ್ವಾ? ಗುಣ ಆಗುವವರೆಗೆ ರಜೆ ಮಾಡಿ. ತಂತ್ರಿಗಳ ಹತ್ತಿರ ನಾನು ಮಾತಾಡ್ತೇನೆ.”

ಅರ್ಧ ನಿಮಿಷದಲ್ಲಿ ಮುಗಿಯಿತು. ಅದೇ ಎಸಳಿನ ಮೇಲಿನ ಅದೇ ರಕ್ತ. ನನಗೆ ಚಹಾ ಕೊಟ್ಟರು.

ಶುದ್ಧಿಕಲಶ ಆಯಿತು. ತಂತ್ರಿಗಳು ನನ್ನನ್ನು ಬೈದರು, ಆ ಬೈಗುಳ ನ್ಯಾಯವಾಗಿತ್ತು. ಚಿಕ್ಕಪ್ಪನ ಮಗ ಬಂದು ಪೂಜೆ ನಡೆಸಿದ. ನಾನು ಪ್ರತಿ ಸಂಜೆ ಅಕ್ಕನ ಜಗಲಿಗೆ ಹೋಗಿ ನಾರು ತೆಗೆದೆ. ಮನೆಯಲ್ಲಿ, ಬಸ್ಸಿನಲ್ಲಿ, ಜೇಬಿನಲ್ಲಿ ಎಲ್ಲ ಕಡೆ ಬಾಳೆಪಟ್ಟೆ. ಹೆಂಡತಿಯ ಗುಡಿಸುವ ಕೆಲಸ ಹೆಚ್ಚಾಯಿತು, ಅವಳು ಗೊಣಗಲಿಲ್ಲ. ಮೂರನೆಯ ವಾರಕ್ಕೆ ಹೆಬ್ಬೆರಳಿನ ಮೇಲೆ ಹೊಸ ಚರ್ಮ ಬಂತು. ಪೂರ್ತಿ ಬಿಟ್ಟುಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಜ್ವರ ಬಂದಾಗ, ನೆಂಟರು ಬಂದಾಗ ಎಡಗೈ ಬೆರಳು ಈಗಲೂ ಕಿತ್ತುಹೋಗುತ್ತದೆ. ಅಂಥ ದಿನ ನಾನು ಒಳಗೆ ಹೋಗುವುದಿಲ್ಲ, ಕಾರಣವನ್ನೂ ಹೇಳುತ್ತೇನೆ.

ಮೊಕ್ತೇಸರರು ಅಕ್ಕನಿಗೆ ಒಬ್ಬನ ಕೈಯಲ್ಲಿ ಹೇಳಿ ಕಳಿಸಿದರು, ನಾಳೆಯಿಂದ ಬರಬಹುದು ಎಂದು. ಅಕ್ಕ ಹೋಗಲಿಲ್ಲ.

“ಬರಬೇಡ ಅಂದದ್ದು ಅಂಗಳದಲ್ಲಿ, ಎಲ್ಲರ ಎದುರು. ಬಾ ಅನ್ನುದು ಹೀಗೆ ಗುಟ್ಟಿನಲ್ಲಾ?” ಎಂದು ನನ್ನನ್ನು ಕೇಳಿದರು. ನಾನು ಅದನ್ನು ಮೊಕ್ತೇಸರರಿಗೆ ಹಾಗೆಯೇ ತಲುಪಿಸಿದೆ.

“ಆಗಲಿ, ನೋಡುವ,” ಎಂದರು ಅವರು. ನಮ್ಮ ಕಡೆ ನೋಡುವ ಎಂದರೆ ಆ ವಿಷಯ ಮುಗಿಯಿತು ಎಂದೇ ತಿಳಿದುಕೊಳ್ಳಬೇಕು. ಮೂರು ವಾರ ಹೋಯಿತು. ಪ್ಲಾಸ್ಟಿಕ್ ದಾರದ ಮಾಲೆ ಬರುತ್ತಲೇ ಇತ್ತು. ಅಕ್ಕ ಹಠ ಹಿಡಿದಿದ್ದಾರೆ ಎಂದು ಜನ ಹೇಳತೊಡಗಿದರು.

ನಾನು ಒಂದು ಹಾಳೆಯಲ್ಲಿ ಐದು ವಾಕ್ಯ ಬರೆದೆ. ಮಂತ್ರ ಕಲಿತ ಹಾಗೆ, ನಾರು ಎಳೆಯುತ್ತಾ ಅದನ್ನು ಬಾಯಿಪಾಠ ಮಾಡಿದೆ. ಮುಂದಿನ ಸಂಕ್ರಮಣದ ದಿನ ಮಂಗಳಾರತಿ ಆದ ಮೇಲೆ, ಪ್ರಸಾದಕ್ಕೆ ಕೈ ಚಾಚಿದವರನ್ನು ನಿಲ್ಲಿಸಿ, ಮೆಟ್ಟಿಲ ಮೇಲೆ ನಿಂತು ಅದನ್ನು ಹೇಳಿದೆ. ಯಾರ ಮುಖವನ್ನೂ ನೋಡಲಿಲ್ಲ, ಎದುರಿನ ದೀಪದ ಕಂಬವನ್ನು ನೋಡಿದೆ. ಹೇಳಿ ಮುಗಿದಾಗ ಮೊಕ್ತೇಸರರು ಚಪ್ಪರದ ಕಡೆ ನೋಡುತ್ತಿದ್ದರು. ನಾನು ಪ್ರಸಾದ ಕೊಡಲು ಶುರು ಮಾಡಿದೆ.

ಸಂಜೆ ಅಕ್ಕನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

“ಒಬ್ಬೊಬ್ಬರು ಒಂದೊಂದು ಹೇಳ್ತಾರೆ,” ಎಂದರು ಅಕ್ಕ. “ನೀವು ಎಂತ ಹೇಳಿದ್ರಿ, ಅದನ್ನು ಹಾಗೆಯೇ ಹೇಳಿ.”

ಹಾಗೆಯೇ ಹೇಳುವುದು ನನಗೆ ಬರುತ್ತದೆ. ಹೇಳಿದೆ:

“ಕಳೆದ ಸಂಕ್ರಮಣದ ದಿನ ಹೂವಿನಲ್ಲಿ ಇದ್ದದ್ದು ನನ್ನ ಬೆರಳಿನ ರಕ್ತ. ಚರ್ಮ ಕೀಳುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಉಂಟು. ಹೂ ಕಟ್ಟುವ ಅಕ್ಕನದ್ದು ತಪ್ಪಿಲ್ಲ, ಅವರ ಸೊಸೆಯದ್ದೂ ತಪ್ಪಿಲ್ಲ. ಅವರನ್ನು ಇಲ್ಲಿ ನಿಲ್ಲಿಸಿ ಕೇಳುವಾಗ ನಾನು ಒಳಗೆ ಇದ್ದೆ. ಗೊತ್ತಿದ್ದೂ ಸುಮ್ಮನಿದ್ದೆ.”

ಅಕ್ಕ ಕೈಯಲ್ಲಿದ್ದ ಬಾಳೆಪಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕರೆದರು. ಅವಳು ಬಂದು, ಬಾಗಿಲ ದಾರಂದ ಹಿಡಿದುಕೊಂಡು, ನನ್ನ ಕಡೆ ನೋಡದೆ ನಿಂತಳು.

“ಇನ್ನೊಮ್ಮೆ ಹೇಳಿ ಭಟ್ರೇ,” ಎಂದರು ಅಕ್ಕ. “ಇವಳೂ ಕೇಳಲಿ.”

ನಾನು ಎದ್ದು ನಿಂತು, ಮೊದಲಿನಿಂದ ಹೇಳಿದೆ.